ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡ ಮೇಲೆ ಭಾರದ ಕೆಲಸ



ಇಂಗ್ಲೆಂಡಿನ ಕನ್ನಡಿಗರೆಂದರೆ ಡಾಕ್ಟರು, ಇಲ್ಲವೇ ಸಾಫ್ಟ್‌ವೇರಿನವರು ಎನ್ನುವ ಕಾಲ ಹೋಯಿತು. ಕೇರ್ ಹೋಮಿನಲ್ಲಿ ವೃದ್ಧರನ್ನು ಎಬ್ಬಿಸಿ ಕೂರಿಸುವವರು, ವಾರ್ಡಿನ ನರ್ಸುಗಳು, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವರು ಈಗ ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಇಂಥವರಿಗೆ ಬೆನ್ನುಮೂಳೆಯ ಫ್ಯೂಷನ್ ಆಪರೇಷನ್ ಆದರೆ ಎಷ್ಟೋ ಜನ ಆರೇ ವಾರಕ್ಕೆ ಕೆಲಸಕ್ಕೆ ಓಡುತ್ತಾರೆ. ಓಡಿದ್ದಲ್ಲದೆ ಏನೂ ಆಗಿಲ್ಲವೆಂಬಂತೆ ಹಳೆಯ ಕೆಲಸವನ್ನೇ ಹಿಡಿಯುತ್ತಾರೆ. ಸುತ್ತಲಿನ ನಾವು "ಭೇಷ್, ಗಟ್ಟಿ ಮನುಷ್ಯ" ಅನ್ನುತ್ತೇವೆ. ಈ ಭೇಷ್‌ಗಿರಿ ನಿಲ್ಲಬೇಕು ಎಂಬುದೇ ನನ್ನ ವಾದ.

ಊರಿನಲ್ಲಿ ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಗೊತ್ತು. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹಿಡಿದಿಡುವುದು ಕೆಳಗಿನ ಹಲಗೆ, ಕಂಬಗಳು. ಫ್ಯೂಷನ್‌ನಲ್ಲಿ ಹಾಕುವ ಸ್ಕ್ರೂ, ರಾಡುಗಳೂ ಹೀಗೆಯೇ. ಎರಡು ಮೂಳೆಗಳ ನಡುವೆ ಹೊಸ ಮೂಳೆ ಬೆಳೆದು ಬೆಸೆದುಕೊಂಡಾಗಲೇ ಕೆಲಸ ಮುಗಿದಂತೆ. ಅದಕ್ಕೆ ತಿಂಗಳುಗಟ್ಟಲೆ, ಕೆಲವರಿಗೆ ಒಂದು ವರ್ಷವೇ ಬೇಕು. ಮೂಳೆ ಬೆಸೆಯದಿದ್ದರೆ ಕೊನೆಗೆ ಲೋಹವೇ ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ. (ಸಿಗರೇಟು ಸೇದುವವರಿಗೆ ಈ ಅಪಾಯ ಹೆಚ್ಚು.) ಕಂಪ್ಯೂಟರಿನ ಮುಂದೆ ಕೂರುವವರು ನಾಲ್ಕಾರು ವಾರದಲ್ಲಿ ಮರಳಬಹುದು. ಭಾರ ಎತ್ತುವವರಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಇದನ್ನು ನಿಮ್ಮ ಸರ್ಜನ್ ಹೇಳಬೇಕೇ ಹೊರತು ಪಕ್ಕದ ಮನೆಯವರಲ್ಲ.

ಟೈಗರ್ ವುಡ್ಸ್ 2017ರ ಏಪ್ರಿಲ್‌ನಲ್ಲಿ ಫ್ಯೂಷನ್ ಮಾಡಿಸಿಕೊಂಡು 2019ರಲ್ಲಿ ಮಾಸ್ಟರ್ಸ್ ಗೆಲ್ಲಲಿಲ್ಲವೇ ಎಂದು ಕೇಳುವವರಿದ್ದಾರೆ. ಗೆದ್ದರು, ನಿಜ. ಆದರೆ ನಡುವೆ ಎರಡು ವರ್ಷ ಇತ್ತು. ಯಾವಾಗ ಆಡಬೇಕೆಂದು ತೀರ್ಮಾನಿಸುವ ಅಧಿಕಾರವೂ ಅವರ ಕೈಯಲ್ಲೇ ಇತ್ತು. ನಮ್ಮ ಕೇರ್ ಹೋಮಿನ ಹೆಣ್ಣುಮಗಳಿಗೆ ಅದು ಎಲ್ಲಿದೆ?

ಆದರೂ ಪೂರ್ತಿ ಇಲ್ಲವೆಂದಲ್ಲ. 2010ರಿಂದ ಹಳೆಯ ಸಿಕ್ ನೋಟ್ ಹೋಗಿ ಫಿಟ್ ನೋಟ್ ಬಂದಿದೆ. ಅದರಲ್ಲಿ "ಬದಲಾವಣೆ ಮಾಡಿದರೆ ಕೆಲಸ ಮಾಡಬಹುದು" ಎಂಬ ಅಂಕಣವಿದೆ: ಹಂತಹಂತವಾಗಿ ಮರಳುವುದು, ಬೇರೆ ವೇಳೆ, ಬೇರೆ ಕೆಲಸ, ಜಾಗದಲ್ಲಿ ಅನುಕೂಲ. ನಮ್ಮವರು ಡಾಕ್ಟರರ ಬಳಿ ಇದನ್ನು ಕೇಳುವುದೇ ಇಲ್ಲ. ರಜೆ, ಇಲ್ಲವೇ ಪೂರ್ತಿ ಕೆಲಸ, ಎರಡೇ ಗೊತ್ತು. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ 2022ರ ಜುಲೈಯಿಂದ ಫಿಸಿಯೋಥೆರಪಿಸ್ಟರೂ ಈ ನೋಟ್ ಕೊಡಬಹುದು. ಮಾಲೀಕರು ಆ ಬದಲಾವಣೆ ಮಾಡಲಾಗದು ಎಂದರೆ ನಿಮ್ಮನ್ನು ರಜೆಯಲ್ಲೇ ಇದ್ದಂತೆ ಪರಿಗಣಿಸಬೇಕು. ತೊಂದರೆ ಒಂದು ವರ್ಷ ದಾಟುವಂತಿದ್ದು ದಿನನಿತ್ಯದ ಓಡಾಟಕ್ಕೆ ಗಣನೀಯವಾಗಿ ಅಡ್ಡಿಯಾಗುತ್ತಿದ್ದರೆ 2010ರ ಈಕ್ವಾಲಿಟಿ ಕಾಯ್ದೆಯೂ ಬೆನ್ನಿಗಿದೆ. ಏನು ಕೇಳಿದರೂ ಬಾಯಲ್ಲಿ ಬೇಡ, ಇಮೇಲಿನಲ್ಲಿ ಕೇಳಿ.

"25 ಕಿಲೋವರೆಗೆ ಎತ್ತಬಹುದಂತೆ" ಎಂಬ ಮಾತನ್ನೂ ಕೇಳಿದ್ದೇನೆ. ಇಲ್ಲಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಆ ಅಂಕಿ ಗಂಡಸರಿಗೆ, ಅದೂ ಸೊಂಟದ ಎತ್ತರದಲ್ಲಿ ಮೈಗೆ ಒತ್ತಿಕೊಂಡು ಹಿಡಿದಾಗ. ಹೆಂಗಸರಿಗೆ 16. ನೆಲಮಟ್ಟದಲ್ಲಿ ಕೈ ಚಾಚಿ ಎತ್ತುವುದಾದರೆ ಗಂಡಸರಿಗೂ ಐದೇ ಕಿಲೋ. ಇದೆಲ್ಲ ಸಾಧಾರಣ ಬೆನ್ನಿನವರಿಗೆ ಹೇಳಿದ್ದು. ಹಾಸಿಗೆಯಲ್ಲಿ ಜಾರುವ ರೋಗಿಯನ್ನು ಹಿಡಿಯುವಾಗ ಯಾವ ಲೆಕ್ಕವೂ ನಡೆಯುವುದಿಲ್ಲ.

ಬಾಯಿ ಮುಚ್ಚಿಸುವುದು ವೀಸಾ ಭಯ, ಅದು ನನಗೂ ಅರ್ಥವಾಗುತ್ತದೆ. ಅನಾರೋಗ್ಯದ ರಜೆಗೆ ವೀಸಾ ನಿಯಮಗಳಲ್ಲಿ ವಿನಾಯಿತಿ ಇದೆ. ಹೆದರಿ ಬೇಗ ಮರಳುವ ಮುನ್ನ ತಿಳಿದವರನ್ನು ಒಮ್ಮೆ ಕೇಳಿ.

ಬಳಗದವರಲ್ಲೂ ಒಂದು ವಿನಂತಿ. ರಾಜ್ಯೋತ್ಸವದ ದಿನ ಹಾಲಿನಲ್ಲಿ ಮೇಜು ಸರಿಸಲು, ಬಿಸಿಬೇಳೆಭಾತಿನ ಪಾತ್ರೆ ಇಳಿಸಲು ಇಂಥವರನ್ನು ಕೂಗಬೇಡಿ. ನೋಡಲು ಚೆನ್ನಾಗಿಯೇ ಕಾಣುತ್ತಾರೆ, ಕರೆದರೆ ದಾಕ್ಷಿಣ್ಯಕ್ಕೆ ಬಂದೇ ಬರುತ್ತಾರೆ. ಬಾಗಿಲ ಬಳಿ ಟಿಕೆಟ್ ನೋಡುವ ಕೆಲಸ ಕೊಡಿ, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲು ಬಿಡಿ.