ಬಿಸಿಯಾದ ಗಾಜಿನ ಸದ್ದನ್ನ ನಂಬಿ ಕೂರಬೇಡಿ

ಗಾಜು ಕಾದು ಬಿರಿಯುವಾಗ ಸದ್ದು ಮಾಡುತ್ತೆ, ಆ ಸದ್ದನ್ನ ಉಪಕರಣ ಹಿಡಿಯುತ್ತೆ ಅಂದ ತಕ್ಷಣ ‘ಹಾಗಾದ್ರೆ ಎಲ್ಲ ಕಿಟಕಿಗೂ ಒಂದೊಂದು ಸೆನ್ಸರ್ ಅಂಟಿಸಿಬಿಡೋಣ’ ಅನ್ನೋರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ.

ಮೊದಲು ವಿಷಯ ಏನು ನೋಡೋಣ. ಬಿಸಿಲಿಗೆ ಕಿಟಕಿಯ ನಡುಭಾಗ ಕಾಯುತ್ತೆ, ಚೌಕಟ್ಟಿನೊಳಗಿನ ಅಂಚು ತಣ್ಣಗೇ ಇರುತ್ತೆ. 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಒಂದು ಮೀಟರ್ ಗಾಜು ಹಿಗ್ಗೋದು ಮಿಲಿಮೀಟರಿನ ಮೂರನೇ ಒಂದು ಭಾಗ, ಅಷ್ಟೇ. ಆದರೆ ತಣ್ಣನೆಯ ಅಂಚನ್ನ ಜಗ್ಗೋಕೆ ಅಷ್ಟು ಸಾಕು. ಗಾಜು ಕತ್ತರಿಸುವಾಗ ಅಂಚಲ್ಲಿ ಉಳಿದ ಸಣ್ಣ ಗೀರಿನಿಂದ ಬಿರುಕು ಹೊರಡುತ್ತೆ. ಬಿರುಕು ಮುಂದೆ ಸರಿದಾಗ ಬಿಡುಗಡೆಯಾಗುವ ಶಕ್ತಿ ಅಲೆಯಾಗಿ ಗಾಜಿನಲ್ಲಿ ಹರಡೋದೇ ಅಕೌಸ್ಟಿಕ್ ಎಮಿಷನ್. ಅದರಲ್ಲಿ ಅಳೆಯುವ ಭಾಗ ಹೆಚ್ಚಾಗಿ 20 ಕಿಲೋಹರ್ಟ್ಸ್‌ಗಿಂತ ಮೇಲೆ, ನಮ್ಮ ಕಿವಿಗೆ ನಿಲುಕಲ್ಲ. ನಾಲ್ಕಾರು ಪೀಜೋ ಸೆನ್ಸರ್ ಇಟ್ಟು, ಅಲೆ ಯಾವುದಕ್ಕೆ ಮೊದಲು ತಲುಪಿತು ಅಂತ ನೋಡಿದರೆ ಬಿರುಕು ಎಲ್ಲಿದೆ ಅಂತಲೂ ಹೇಳಬಹುದು. ಪ್ರಯೋಗಾಲಯದಲ್ಲಿ ಇದು ಸೊಗಸಾದ ವಿದ್ಯೆ, ಅನುಮಾನವೇ ಇಲ್ಲ.

ಈಗ ಶಿಕಾಗೋಗೆ ಬನ್ನಿ. ವಾಬಾಶ್ ಅವೆನ್ಯೂನಲ್ಲಿ ಹಿಂದೆ ಸಿಎನ್‌ಎ ಕಂಪನಿಯದಾಗಿದ್ದ ಕೆಂಪು ಗಗನಚುಂಬಿ ಇದೆಯಲ್ಲ, 1999ರ ಅಕ್ಟೋಬರಿನಲ್ಲಿ ಅದರ ಕಿಟಕಿಯ ದೊಡ್ಡ ತುಂಡು ಕಳಚಿ, ಪುಟ್ಟ ಮಗಳ ಜೊತೆ ಕೆಳಗೆ ನಡೆದು ಹೋಗ್ತಿದ್ದ ಹೆಂಗಸಿನ ಮೇಲೆ ಬಿತ್ತು. ಆಕೆ ತೀರಿಕೊಂಡರು. ಕಾರಣ ಶಾಖದ ಹಿಗ್ಗುವಿಕೆ. ಆ ಗಾಜು ತಿಂಗಳುಗಳ ಹಿಂದೆಯೇ ಬಿರುಕು ಬಿಟ್ಟಿತ್ತು. ಕಂಪನಿ 1.8 ಕೋಟಿ ಡಾಲರ್ ಪರಿಹಾರ ಕೊಟ್ಟಿತು, ಆಮೇಲೆ ಕಿಟಕಿಗಳನ್ನೂ ಬದಲಾಯಿಸಿತು. ಕಣ್ಣಿಗೆ ಕಾಣೋ ಬಿರುಕಿಗೆ ಕಿವಿ ಯಾಕೆ ಬೇಕಿತ್ತು, ಹೇಳಿ?

ಇನ್ನೊಂದು ತೊಡಕಿದೆ. ಗಾಳಿಯ ತೇವ ಸೇರಿ ಬಿರುಕು ದಿನಗಟ್ಟಲೆ ನಿಧಾನವಾಗಿ ತೆವಳುವಾಗ ಬರೋ ಸದ್ದು ತೀರಾ ಕ್ಷೀಣ. ಶಿಕಾಗೋದ ಗಾಳಿ, ರೈಲಿನ ಗದ್ದಲದಲ್ಲಿ ಅದು ಎಲ್ಲಿ ಸಿಗಬೇಕು! ಜೋರಾಗಿ ಕೇಳೋದು ಕೊನೆಯ ಓಟ. ಆಗ ಬಿರುಕಿನ ವೇಗ ಸೆಕೆಂಡಿಗೆ ಸುಮಾರು 1.5 ಕಿಲೋಮೀಟರ್, ಒಂದು ಮೀಟರ್ ದಾಟೋಕೆ ಒಂದು ಮಿಲಿಸೆಕೆಂಡೂ ಬೇಡ. ಅಲಾರಾಂ ಹೊಡೆದು ಯಾರನ್ನ ಉಳಿಸೋದು? ಸೆನ್ಸರಿಗೆ ಸುರಿಯೋ ದುಡ್ಡಲ್ಲಿ ಶಾಖ ತಡೆಯುವ ಹದಗೊಳಿಸಿದ ಗಾಜು ಹಾಕಿಸಲಿ, ಅಂಚುಗಳನ್ನ ವರ್ಷಕ್ಕೊಮ್ಮೆ ನೋಡಲಿ.

ಡೆಟ್ರಾಯಿಟ್ ಕಡೆಯವರಿಗೂ ಒಂದು ಮಾತು. ಜನವರಿ ಚಳಿಯಲ್ಲಿ, ಕಲ್ಲು ಬಡಿದು ಚುಕ್ಕೆಯಾದ ವಿಂಡ್‌ಶೀಲ್ಡಿಗೆ ಹೀಟರ್ ಒಮ್ಮೆಲೇ ಪೂರ್ತಿ ತಿರುಗಿಸಬೇಡಿ. ಚುಕ್ಕೆ ಚಿಕ್ಕದಿರುವಾಗಲೇ ರಿಪೇರಿ ಮಾಡಿಸಿ.