ಕಾದ ಗಾಳಿಗೆ ತಂಪಿನ ದಾರಿ
ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊಚಾರ್ಜರು ಸಂಕೋಚಿಸಿದ ವಾಯುವಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಲ್ಲುದು. ಹಾಗೆ ಕಾದ ಗಾಳಿ ವಿರಳವಾಗಿ ಎಂಜಿನ್ನಿನ ಶಕ್ತಿಯನ್ನು ಕುಂದಿಸುವುದಲ್ಲದೆ, ಪೆಟ್ರೋಲಿನ ಮಿಶ್ರಣವು ಅಕಾಲದಲ್ಲಿ ತಾನಾಗಿ ಸ್ಫೋಟಿಸಿ ಪಿಸ್ಟನ್ನಿಗೇ ಅಪಾಯವೊದಗುವುದರಿಂದ, ಟರ್ಬೊಚಾರ್ಜರು ಮತ್ತು ಎಂಜಿನ್ನಿನ ನಡುವೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರು ಅವಶ್ಯವಾಯಿತು. ಜಪಾನಿನ ಸುಬಾರು ಇಂಪ್ರೆಜಾ ಎಸ್‌ಟಿಐ ಕಾರಿನಲ್ಲಿ ಅದು ಎಂಜಿನ್ನಿನ ನೆತ್ತಿಯ ಮೇಲೆಯೇ ಕುಳಿತಿರುವುದು. ಬಾನೆಟ್ಟಿನ ಬಾಯಿಯಿಂದ ನುಗ್ಗುವ ಗಾಳಿಯೇ ಅದರ ಆಧಾರವಾದ ಕಾರಣ, ಕಾರು ನಿಂತೊಡನೆ ಕೆಳಗಿನ ಕಾವೆಲ್ಲ ಅದಕ್ಕೇರುತ್ತದೆ. ಅದನ್ನು ತಣಿಸಲೆಂದು ತಯಾರಕರು ಕೆಲವು ಮಾದರಿಗಳಲ್ಲಿ ಅದರ ಮೇಲೆ ನೀರು ಸಿಂಪಡಿಸುವ ವ್ಯವಸ್ಥೆಯನ್ನಿಟ್ಟರು. ಆವಿಯಾಗುವ ನೀರು ತಾಪವನ್ನು ಹೊತ್ತೊಯ್ಯುವ ಈ ಉಪಾಯ, ನಮ್ಮ ಮಣ್ಣಿನ ಹೂಜಿಯ ತತ್ತ್ವವೇ ಸರಿ. ಎಷ್ಟು ಸರಳ, ಎಷ್ಟು ಸಮರ್ಥ! ಇಂತಹ ಸರಳ ಉಪಾಯಗಳೇ ಫಲಿಸುವುದರಿಂದ, ದೊಡ್ಡ ಇಂಟರ್‌ಕೂಲರಿಗೆ ಹಣ ಸುರಿಯುವ ಮುನ್ನ, ಬಂದ ಗಾಳಿ ಪಕ್ಕಕ್ಕೆ ಸೋರಿಹೋಗದಂತೆ ಅಂಚುಗಳಿಗೆ ರಬ್ಬರನ್ನು ಬಿಗಿದು, ರೆಕ್ಕೆಗಳ ನಡುವೆ ಕೂತ ಧೂಳನ್ನು ಮೆಲ್ಲಗೆ ತೊಳೆದು ನೋಡಬೇಕೆಂದು ವಾಹನಪ್ರಿಯರಲ್ಲಿ ನನ್ನ ಆಗ್ರಹ.