ಕಳ್ಳನಿಗೊಂದು ಕೂಗು, ಹೊಗೆಗೊಂದು ಕೂಗು

ಕಳ್ಳ ಬಂದರೆ ಕೂಗುವ ಪೆಟ್ಟಿಗೆ ಈಗ ಪೇಟೆಯ ಬಂಗಲೆಗಳಿಗೆ ಮಾತ್ರ ಮೀಸಲಲ್ಲ. ಕಂಪ್ಲಿ ಪಕ್ಕದ ನಮ್ಮ ಎಮ್ಮಿಗನೂರಿಗೂ ಬಂದಿದೆ. ಮಕ್ಕಳು ಹೊಸಪೇಟೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗಿ, ಮನೆಯಲ್ಲಿ ತಾತ-ಅಜ್ಜಿ ಇಬ್ಬರೇ ಉಳಿದರೆ, ಹಬ್ಬಕ್ಕೆ ಬಂದ ಮಗ ಒಂದು ಅಲಾರಂ ಹಾಕಿಸಿ ಹೋಗುತ್ತಾನೆ. ಬಾಗಿಲಿಗೊಂದು ಅಯಸ್ಕಾಂತ, ಚೌಕಟ್ಟಿಗೊಂದು ಸ್ವಿಚ್ಚು. ಬಾಗಿಲು ತೆರೆದರೆ ಎರಡೂ ದೂರವಾಗುತ್ತವೆ, ಗೋಡೆಯ ಮೇಲಿನ ಪೆಟ್ಟಿಗೆಗೆ ಸುದ್ದಿ ಮುಟ್ಟುತ್ತದೆ, ಸೈರನ್ ಬಾಯಿ ಬಿಡುತ್ತದೆ. ಯೋಚನೆ ಹಳೆಯದೇ. ಅಮೆರಿಕದ ಅಗಸ್ಟಸ್ ಪೋಪ್ ಎಂಬವರು ಬಾಗಿಲು ತೆರೆದರೆ ಗಂಟೆ ಬಾರಿಸುವ ವಿದ್ಯುತ್ ಸಾಧನಕ್ಕೆ 1853ರಲ್ಲೇ ಪೇಟೆಂಟ್ ಪಡೆದಿದ್ದರು.

ಈ ಪೆಟ್ಟಿಗೆ ಕಳ್ಳನ ಜೊತೆಗೆ ಹೊಗೆಯನ್ನೂ ಕಾಯಬಲ್ಲದೆ? ಈ ಪ್ರಶ್ನೆ ಎತ್ತಿದವಳು ನನ್ನ ಅಕ್ಕನ ಮೊಮ್ಮಗಳು, ಒಂಬತ್ತನೇ ತರಗತಿಯವಳು. ಅಕ್ಕನ ಮನೆಯಲ್ಲಿ ಮೆಟ್ಟಿಲ ಕೆಳಗೆ ಇನ್ವರ್ಟರ್ ಮತ್ತು ಬ್ಯಾಟರಿ ಇವೆ. ಅದಕ್ಕೆ ಒತ್ತಿಕೊಂಡೇ ಭತ್ತದ ಖಾಲಿ ಗೋಣಿಚೀಲಗಳ ರಾಶಿ. ಅಕ್ಕ-ಭಾವ ಮಲಗುವುದು ಮಹಡಿಯಲ್ಲಿ, ಇಳಿಯಲು ಇರುವುದು ಅದೊಂದೇ ಮೆಟ್ಟಿಲು. "ಅಲ್ಲಿ ಏನಾದ್ರೂ ಹೊತ್ತಿಕೊಂಡ್ರೆ ನೀವು ಹೆಂಗೆ ಇಳೀತೀರಿ ಅಜ್ಜಿ?" ಅಂತ ಹುಡುಗಿ ಕೇಳಿದಳು. ಅಕ್ಕ ಚೀಲಗಳನ್ನು ಅವತ್ತೇ ಕೊಟ್ಟಿಗೆಗೆ ಸಾಗಿಸಿದಳು. ನನ್ನನ್ನು ಕೇಳಿದರೆ ಅರ್ಧ ಕೆಲಸ ಅಲ್ಲಿಗೇ ಮುಗಿದಿತ್ತು. ಉಳಿದ ಅರ್ಧಕ್ಕೆ ಊರಿನ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆಸಿದೆವು.

ಬೆಂಕಿಯನ್ನು ಬಿಟ್ಟು ಹೊಗೆಯನ್ನೇಕೆ ಕಾಯಬೇಕು? 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಅಲ್ಲಿ ಜನರನ್ನು ದಿಕ್ಕೆಡಿಸಿದ್ದು ಮಹಡಿಯಿಂದ ಮಹಡಿಗೆ ಏರಿದ ಹೊಗೆ. ಮೆಟ್ಟಿಲು ಎಂದರೆ ಹೊಗೆಗೆ ಚಿಮಣಿ ಇದ್ದಂತೆ. ಅಜ್ಜಿಯರು "ಸುಟ್ಟ ವಾಸನೆ ಬಂದ್ರೆ ನನಗೆ ತಕ್ಷಣ ಎಚ್ಚರ ಆಗ್ತದೆ" ಎನ್ನುವುದುಂಟು. ಅದನ್ನು ನಂಬಿ ಕೂರಬೇಡಿ. ನಿದ್ದೆಯಲ್ಲಿ ಮೂಗು ಕೈಕೊಡುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಎಬ್ಬಿಸುವುದಿಲ್ಲ, ಇನ್ನಷ್ಟು ಮಂಪರಿಗೆ ತಳ್ಳುತ್ತದೆ. ಎಬ್ಬಿಸುವುದಕ್ಕೆ ಸದ್ದೇ ಬೇಕು.

ಹೊಗೆಯನ್ನು ಯಂತ್ರ ಹೇಗೆ ಕಾಣುತ್ತದೆ? ನಮ್ಮ ಕಡೆಯ ಹಳೆ ಮಾಳಿಗೆ ಮನೆಗಳಲ್ಲಿ ಗವಾಕ್ಷಿಯಿಂದ ಬಿಸಿಲುಕೋಲು ಇಳಿಯುವುದನ್ನು ನೋಡಿದ್ದೀರಲ್ಲ? ಕೋಲಿನ ಪಕ್ಕದಲ್ಲಿ ನಿಂತವರಿಗೆ ಅದು ಕಾಣುವುದು ಗಾಳಿಯಲ್ಲಿ ದೂಳೋ ಒಲೆಯ ಹೊಗೆಯೋ ಇದ್ದಾಗ ಮಾತ್ರ. ಕಣಗಳು ಬೆಳಕನ್ನು ಪಕ್ಕಕ್ಕೆ ಚೆದುರಿಸುತ್ತವೆ. ಹೊಗೆ ಡಿಟೆಕ್ಟರಿನೊಳಗೆ ಒಂದು ಪುಟ್ಟ ಕತ್ತಲಕೋಣೆ ಇದೆ. ಅದರಲ್ಲಿ ಒಂದು ಎಲ್‌ಇಡಿ ದೀಪ, ದೀಪದ ನೇರಕ್ಕೆ ಬಾರದಂತೆ ಓರೆಯಾಗಿ ಕೂರಿಸಿದ ಒಂದು ಕಣ್ಣು. ಗಾಳಿ ತಿಳಿಯಾಗಿದ್ದರೆ ಕಣ್ಣಿಗೆ ಕತ್ತಲೆ. ಹೊಗೆ ನುಗ್ಗಿತೋ, ಬೆಳಕು ಚೆದುರಿ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಜಾತಿಯ ಡಿಟೆಕ್ಟರಿಗೆ ದಾರಿ ತೋರಿಸಿದವರು ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್. 1930ರ ದಶಕದಲ್ಲಿ ಅವರು ವಿಷಾನಿಲ ಪತ್ತೆಯ ಯಂತ್ರ ಮಾಡಲು ಹೊರಟಿದ್ದರು. ಅನಿಲಕ್ಕೆ ಅಲುಗದ ಮುಳ್ಳು, ಬೇಸತ್ತು ಹಚ್ಚಿದ ಸಿಗರೇಟಿನ ಹೊಗೆಗೆ ಅಲುಗಿತಂತೆ.

ಈಗ ಪೆಟ್ಟಿಗೆಯ ವಿಷಯಕ್ಕೆ ಬರೋಣ. ಅದರೊಳಗೆ ಜೋನ್ ಎಂಬ ಹೆಸರಿನ ಹಲವು ಜೋಡಿ ತಿರುಪುಗಳಿರುತ್ತವೆ. ಮುಂಬಾಗಿಲು ಒಂದು ಜೋನ್, ಹಿತ್ತಲ ಬಾಗಿಲು ಇನ್ನೊಂದು. ಖಾಲಿ ಇದ್ದ ಜೋನಿಗೆ ಹೊಗೆಯ ಡಿಟೆಕ್ಟರ್ ಸಿಕ್ಕಿಸಿದರಾಯಿತು ಎಂದು ಹೊರಟರೆ ಒಂದು ತೊಡಕಿದೆ. ನಮ್ಮ ಭಾವ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಗದ್ದೆಗೆ ನೀರು ತಿರುವಲು ಹೋಗುವವರು. ಬಾಗಿಲು ತೆಗೆದಾಗ ಅಲಾರಂ ಕೂಗಿ ಓಣಿಯೆಲ್ಲ ಎದ್ದೀತೆಂದು ಮನೆಯಲ್ಲಿದ್ದಾಗ ಅದನ್ನು ಆರಿಸಿಯೇ ಇಡುತ್ತಾರೆ. ಹೊಗೆಯನ್ನೂ ಬಾಗಿಲಿನ ಲೆಕ್ಕಕ್ಕೆ ಸೇರಿಸಿದರೆ, ಮನೆಯವರು ಒಳಗೆ ಮಲಗಿರುವ ಹೊತ್ತಿಗೇ ಅದರ ಬಾಯಿಯೂ ಕಟ್ಟಿಹೋಗುತ್ತದೆ! ಹಾಗಾಗಿ ಆ ಜೋನನ್ನು 'ಬೆಂಕಿ, 24 ಗಂಟೆ' ಎಂದು ಪೆಟ್ಟಿಗೆಗೆ ಬೇರೆಯಾಗಿ ಹೇಳಿಕೊಡಬೇಕು. ಆಮೇಲೆ ಅಲಾರಂ ಆರಿಸಿದ್ದರೂ ಹೊಗೆಯ ಕಾವಲು ನಿಲ್ಲುವುದಿಲ್ಲ.

ಎರಡು ಡಿಟೆಕ್ಟರ್ ತಂದಿದ್ದೆವು. ಒಂದು ಮೆಟ್ಟಿಲ ಕೆಳಗೆ, ಇನ್ನೊಂದು ಮಹಡಿಯ ಕೋಣೆಯ ಹೊರಗೆ. ಪ್ರತಿಯೊಂದಕ್ಕೂ ನಾಲ್ಕು ತಂತಿ. ಕೆಂಪು-ಕಪ್ಪು ಎರಡು, ಡಿಟೆಕ್ಟರಿಗೆ 12 ವೋಲ್ಟ್ ಉಣಿಸಲಿಕ್ಕೆ. ಉಳಿದೆರಡು ಸುದ್ದಿಯ ತಂತಿ. ಹೊಗೆ ಬಂದರೆ ಡಿಟೆಕ್ಟರ್ ಈ ಎರಡು ಸುದ್ದಿ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸುತ್ತದೆ.

ಮಕ್ಕಳೇ, ಇಲ್ಲೊಂದು ಪ್ರಶ್ನೆ. ಭತ್ತದ ಸೀಮೆಯಲ್ಲಿ ಇಲಿಗೆ ಬರವಿಲ್ಲ. ಇಲಿ ಸುದ್ದಿಯ ತಂತಿಯನ್ನು ಕಡಿದುಹಾಕಿತು ಅನ್ನಿ. ಹೊಗೆ ಬಂದಾಗ ಡಿಟೆಕ್ಟರ್ ತಂತಿ ಮುಟ್ಟಿಸಿದರೂ ಪೆಟ್ಟಿಗೆಗೆ ಏನೂ ತಲುಪುವುದಿಲ್ಲ. ತಂತಿ ಕಡಿದದ್ದು ಅದಕ್ಕೂ ಮೊದಲೇ ಪೆಟ್ಟಿಗೆಗೆ ಗೊತ್ತಾಗುವುದು ಹೇಗೆ?

ಹಿಂದೆ ರಾತ್ರಿ ಹೊತ್ತು ತಳವಾರ ಕೋಲು ಕುಟ್ಟುತ್ತ ಊರು ಸುತ್ತುತ್ತಿದ್ದ. ಕೋಲಿನ ಸದ್ದು ಕೇಳಿದರೆ ಊರು ಕ್ಷೇಮ. ಸದ್ದೇ ಬಾರದಿದ್ದರೆ ಏನೋ ಎಡವಟ್ಟಾಗಿದೆ ಎಂದು ಹಿರಿಯರು ಎದ್ದು ನೋಡುತ್ತಿದ್ದರು. ತಂತಿಯಲ್ಲಿ ಆ ಕೋಲಿನ ಸದ್ದು ಮಾಡುವುದು ಅಕ್ಕಿಕಾಳಿಗಿಂತ ತುಸು ದಪ್ಪವಿರುವ ಒಂದು ರೆಸಿಸ್ಟರ್. ನಮ್ಮ ಪೆಟ್ಟಿಗೆಯ ಜೊತೆ ಬಂದದ್ದು 5,600 ಓಮ್‌ನದು. ಮೈಮೇಲೆ ಹಸಿರು, ನೀಲಿ, ಕೆಂಪು ಪಟ್ಟಿ. (ಹಸಿರು ಎಂದರೆ 5, ನೀಲಿ 6, ಮುಂದಿನ ಕೆಂಪು ಎಂದರೆ ಎರಡು ಸೊನ್ನೆ.) ಇದನ್ನು ಸುದ್ದಿ ತಂತಿಗಳ ಕಟ್ಟಕಡೆಗೆ, ಎರಡರ ನಡುವೆ ಕಟ್ಟುತ್ತಾರೆ. 12 ವೋಲ್ಟನ್ನು 5,600 ಓಮ್‌ನಿಂದ ಭಾಗಿಸಿ ನೋಡಿ, ಸುಮಾರು 2 ಮಿಲಿಆಂಪಿಯರ್ ಬರುತ್ತದೆ. ಅಷ್ಟು ಸಣ್ಣ ಹರಿವು ಹಗಲೂ ರಾತ್ರಿ ಹೋಗಿಬರುತ್ತಿದ್ದರೆ ಎಲ್ಲ ಕ್ಷೇಮ. ಹರಿವು ಒಮ್ಮೆಲೇ ಉಕ್ಕಿದರೆ ತಂತಿಗಳು ಮುಟ್ಟಿಕೊಂಡಿವೆ, ಅಂದರೆ ಹೊಗೆ. ಹರಿವು ನಿಂತೇಹೋದರೆ ತಂತಿ ಕಡಿದಿದೆ; ಆಗ ಪೆಟ್ಟಿಗೆ ಸೈರನ್ ಊದುವುದಿಲ್ಲ, ಹಳದಿ ದೀಪ ಹಚ್ಚಿ ಕುಂಯ್ ಕುಂಯ್ ಎಂದು ದೂರು ಹೇಳುತ್ತದೆ.

ಎಲ್ಲ ಜೋಡಿಸಿ ಆಯಿತು, ಹಸಿರು ದೀಪ ಉರಿಯಿತು. ಹುಡುಗಿಗೆ ಸಮಾಧಾನವಿಲ್ಲ. "ಅಣ್ಣಾ, ಇಲಿ ಕಡಿದಂಗೆ ಮಾಡಿ ನೋಡಾಣೇನು?" ಎಂದು ಮಹಡಿಯ ಡಿಟೆಕ್ಟರಿಗೆ ಬಂದ ಸುದ್ದಿಯ ತಂತಿಯೊಂದನ್ನು ಬಿಚ್ಚಿಸಿದಳು. ಕೆಳಗೆ ಪೆಟ್ಟಿಗೆಯಲ್ಲಿ ಹಸಿರು ದೀಪ ಹಾಗೇ ಇತ್ತು! ಎಲೆಕ್ಟ್ರಿಷಿಯನ್ ಹುಡುಗ ಸುಲಭವಾಗಲೆಂದು ರೆಸಿಸ್ಟರನ್ನು ಪೆಟ್ಟಿಗೆಯೊಳಗೇ, ಜೋನಿನ ತಿರುಪಿಗೇ ಕಟ್ಟಿಬಿಟ್ಟಿದ್ದ. ತಳವಾರ ಚಾವಡಿ ಜಗಲಿಯಲ್ಲೇ ಕೂತು ಕೋಲು ಕುಟ್ಟಿದ ಹಾಗೆ! "ಎಲ್ಲಾ ಮನೀಗೂ ಹಿಂಗೇ ಹಾಕ್ತೀವಲ್ಲ ಸಾರ್" ಅಂದ. ಆದರೆ ಒಳ್ಳೆಯ ಹುಡುಗ, ವಾದ ಬೆಳೆಸದೆ ರೆಸಿಸ್ಟರನ್ನು ಬಿಚ್ಚಿ ಮಹಡಿಯ ಕೊನೆಯ ಡಿಟೆಕ್ಟರಿಗೆ ಹಾಕಿದ. ಮತ್ತೆ ತಂತಿ ಬಿಚ್ಚಿದಾಗ ಹಳದಿ ದೀಪ ಬಂತು.

"ಇನ್ನ ಕೆಂಪು ತಂತಿ?" ಎಂದಳು. ಅದನ್ನು ಬಿಚ್ಚಿದರು. ಡಿಟೆಕ್ಟರಿನ ದೀಪ ಆರಿತು, ಪೆಟ್ಟಿಗೆಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಸುದ್ದಿ ಹೋಗುವ ದಾರಿ ಚೆನ್ನಾಗಿಯೇ ಇದೆ, ಸುದ್ದಿ ಹೇಳುವವನಿಗೆ ಊಟವಿಲ್ಲ. ಇದಕ್ಕೂ ಒಂದು ಉಪಾಯವಿದೆ. ಕೆಂಪು-ಕಪ್ಪು ತಂತಿಗಳ ತುದಿಗೆ 12 ವೋಲ್ಟಿನ ಒಂದು ಚಿಕ್ಕ ರಿಲೇ ಹಾಕಬೇಕು. ಕರೆಂಟ್ ಇರುವವರೆಗೆ ಅದು ಸುದ್ದಿ ತಂತಿಯನ್ನು ರೆಸಿಸ್ಟರಿಗೆ ಕೂಡಿಸಿ ಹಿಡಿದಿರುತ್ತದೆ. ಕರೆಂಟ್ ಹೋದರೆ ಕೈಬಿಡುತ್ತದೆ, ಸಣ್ಣ ಹರಿವು ನಿಲ್ಲುತ್ತದೆ, ಹಳದಿ ದೀಪ ಹತ್ತುತ್ತದೆ. ರಿಲೇ ಮರುದಿನ ಹೊಸಪೇಟೆಯಿಂದ ಬಂತು. ಅಷ್ಟಕ್ಕೇ ಇನ್ನೊಂದು ದಿನ ಕೂಲಿಯೇ ಎಂದು ಭಾವ ಗೊಣಗಿದರು, ಆಮೇಲೆ ಕೊಟ್ಟರು.

ಒಂದು ಮಾತು: 12 ವೋಲ್ಟಿನ ಈ ತಂತಿಗಳ ಆಟ ಮಕ್ಕಳು ಪಕ್ಕದಲ್ಲಿ ನಿಂತು ನೋಡುವಂಥದ್ದು. ಪೆಟ್ಟಿಗೆಗೆ ಬರುವ 230 ವೋಲ್ಟಿನ ಕಡೆಗೆ ಕೈ ಹಾಕಬಾರದು, ಅದು ಬಲ್ಲವರ ಕೆಲಸ. ಪರೀಕ್ಷೆಗೆಂದು ಕಾಗದ ಸುಡುವುದೂ ಬೇಡ. ಡಿಟೆಕ್ಟರಿನ ಮೇಲೆಯೇ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಅಜ್ಜಿಯ ಕೋಲಿನಿಂದ ಒತ್ತಿದರೆ ಸಾಕು. ಅಡುಗೆಮನೆಗೆ ಹೊಗೆಯ ಡಿಟೆಕ್ಟರ್ ಹಾಕಿಸಬೇಡಿ. ಮಂಡಕ್ಕಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ಕೂಡಲೇ ಕೂಗಿ, ಮೂರನೇ ದಿನಕ್ಕೆ ಯಾರೋ ಅದನ್ನು ಕಿತ್ತು ಅಟ್ಟಕ್ಕೆ ಎಸೆಯುತ್ತಾರೆ. ಅಲ್ಲಿಗೆ ಬಿಸಿ ಏರಿದರೆ ಮಾತ್ರ ಕೂಗುವ ಬೇರೆ ಡಿಟೆಕ್ಟರ್ ಸಿಗುತ್ತದೆ.

ಕೊನೆಗೆ ಅಕ್ಕ ಒಂದು ಪ್ರಶ್ನೆ ಕೇಳಿದಳು, ಅದು ನನಗೆ ಹೊಳೆದಿರಲಿಲ್ಲ. "ಅಲ್ಲಪ್ಪಾ, ಕಳ್ಳ ಬಂದ್ರೆ ಒಳಗೆ ಅಗಳಿ ಹಾಕ್ಕೊಂಡು ಕುಂದ್ರಬೇಕು, ಬೆಂಕಿ ಬಿದ್ರೆ ಹೊರಗ ಓಡಬೇಕು. ಎರಡಕ್ಕೂ ಒಂದೇ ಸೈರನ್ ಆದ್ರೆ ನಾನೇನು ಮಾಡ್ಲಿ?" ಅದಕ್ಕೇ ಪೆಟ್ಟಿಗೆಯಲ್ಲಿ ಎರಡು ಬಗೆಯ ಕೂಗಿಗೆ ಏರ್ಪಾಡಿದೆ. ಕಳ್ಳನಿಗೆ ಬಿಡದೆ ಒಂದೇ ಉದ್ದನೆಯ ಕೂಗು. ಬೆಂಕಿಗೆ ಮೂರು ಕೂಗು, ಸ್ವಲ್ಪ ಬಿಡುವು, ಮತ್ತೆ ಮೂರು. ಮೂರರ ಕೂಗು ಕೇಳಿದರೆ ಒಡವೆ, ಪಾಸ್‌ಬುಕ್ ಹುಡುಕದೆ, ಹೊಗೆಯಿದ್ದರೆ ಬಗ್ಗಿಕೊಂಡು ಹೊರಗೆ ನಡೆಯಬೇಕು. 101ಕ್ಕೋ 112ಕ್ಕೋ ಫೋನು ಬೀದಿಯಲ್ಲಿ ನಿಂತು ಮಾಡಬೇಕು. ಅಕ್ಕನಿಗೆ ಕಿವಿ ಸ್ವಲ್ಪ ಮಂದ. ಒಂದು ಸೈರನ್ ಅವಳ ಕೋಣೆಯ ಬಾಗಿಲ ಮೇಲೇ ಕೂತಿತು.

ಹುಡುಗಿ ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದಾಳೆ: "ರೆಸಿಸ್ಟರ್ ಮತ್ತು ರಿಲೇ ಮಹಡಿಯ ಡಿಟೆಕ್ಟರಿನಲ್ಲಿವೆ. ದಯವಿಟ್ಟು ಇಲ್ಲಿಗೆ ತರಬೇಡಿ." ಅದರ ಕೆಳಗೆ ಡಿಟೆಕ್ಟರ್ ಹಾಕಿಸಿದ ತಾರೀಖು ಬರೆದಿದ್ದಾಳೆ. ಹತ್ತು ವರ್ಷಕ್ಕೆ ಅದನ್ನು ಬದಲಾಯಿಸಬೇಕಲ್ಲ.